ಯಾರ ಕೈ ಎತ್ತಬೇಕಿತ್ತು?

ಬಾಕ್ಸಿಂಗ್‌ನಲ್ಲಿ ಕೊನೆಯ ಗಂಟೆ ಬಾರಿಸಿದ ಮೇಲೂ ಫಲಿತಾಂಶಕ್ಕೆ ಕಾಯಬೇಕು. ರೆಫರಿ ಇಬ್ಬರ ಮುಂಗೈ ಹಿಡಿದು ನಡುವೆ ನಿಂತಿರುತ್ತಾರೆ. ನೋಡುವವರು ಅಷ್ಟರಲ್ಲಿ ತಮ್ಮ ತೀರ್ಪು ಕೊಟ್ಟಾಗಿರುತ್ತದೆ. 2021ರ ಜುಲೈ 29ರಂದು ಟೋಕಿಯೊದ ಕೊಕುಗಿಕಾನ್ ಸಭಾಂಗಣದಲ್ಲಿ ಮೇರಿ ಕೋಮ್ ಮತ್ತು ಕೊಲಂಬಿಯಾದ ಇಂಗ್ರಿಟ್ ವ್ಯಾಲೆನ್ಸಿಯಾ ನಡುವಿನ 51 ಕಿಲೋ ವಿಭಾಗದ ಒಲಿಂಪಿಕ್ ಪಂದ್ಯ ಮುಗಿದಾಗ ರೆಫರಿ ಎತ್ತಿದ್ದು ವ್ಯಾಲೆನ್ಸಿಯಾ ಅವರ ಕೈ. ಮೇರಿಯೂ ಕೈ ಎತ್ತಿದರು. ರಿಂಗ್ ಬಿಟ್ಟು ಇಳಿದ ಮೇಲೂ ತಾನೇ ಗೆದ್ದೆನೆಂದು ನಂಬಿದ್ದರು. ಸೋಲಿನ ಸುದ್ದಿ ತಿಳಿದದ್ದು ಆಮೇಲೆ. ಆರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ, 38ನೇ ವಯಸ್ಸಿನಲ್ಲೂ ರಿಂಗ್‌ಗೆ ಇಳಿದಿದ್ದ ಹೆಣ್ಣುಮಗಳಿಗೇ ತನ್ನ ಪಂದ್ಯದ ಫಲಿತಾಂಶ ಅರ್ಥವಾಗದಿದ್ದರೆ, ದೂರದ ಊರಿನಲ್ಲಿ ಮೊಬೈಲ್ ಹಿಡಿದು ಕೂತ ಅಭಿಮಾನಿಗೆ ಅದು ಹೇಗೆ ಅರ್ಥವಾಗಬೇಕು?

ಅಂದಿನ ಲೆಕ್ಕ ಹೀಗಿತ್ತು. ಮೊದಲ ಸುತ್ತನ್ನು ಐವರು ತೀರ್ಪುಗಾರರಲ್ಲಿ ನಾಲ್ವರು ವ್ಯಾಲೆನ್ಸಿಯಾಗೆ ಕೊಟ್ಟರು. ಎರಡನೆಯದನ್ನೂ ಮೂರನೆಯದನ್ನೂ 3-2ರಂತೆ ಮೇರಿ ಗೆದ್ದರು. ಮೂರರಲ್ಲಿ ಎರಡು ಗೆದ್ದವರು ಪಂದ್ಯ ಗೆದ್ದ ಹಾಗೆ ಅಂತ ಯಾರಾದರೂ ಹೇಳುತ್ತಾರೆ. ಬಾಕ್ಸಿಂಗ್ ಕೂಡಿಸುವುದು ಬೇರೆ ಥರ. ಒಬ್ಬೊಬ್ಬ ತೀರ್ಪುಗಾರರೂ ಮೂರು ಸುತ್ತಿಗೆ ತಾವು ಕೊಟ್ಟ ಅಂಕಗಳನ್ನು ಕೂಡಿಸಿ ಒಬ್ಬರನ್ನು ಆರಿಸುತ್ತಾರೆ. ಐವರಲ್ಲಿ ಮೂವರು ಯಾರ ಕಡೆಗೋ ಅವರೇ ವಿಜೇತರು. ಮೊದಲ ಸುತ್ತನ್ನು ವ್ಯಾಲೆನ್ಸಿಯಾಗೆ ಕೊಟ್ಟಿದ್ದ ನಾಲ್ವರ ಪೈಕಿ ಮೂವರು, ಉಳಿದ ಎರಡು ಸುತ್ತಿನಲ್ಲಿ ಒಂದನ್ನು ಆಕೆಗೇ ಕೊಟ್ಟರೆ ಮುಗಿಯಿತು. ಹಾಗೆಯೇ ಆಯಿತು. ಫಲಿತಾಂಶ 3-2. ನಿಯಮದ ಪ್ರಕಾರ ಇದರಲ್ಲಿ ಮೋಸವಿಲ್ಲ. ಆದರೆ ಈ ಕೂಡಿಸುವ ಬಗೆಯನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೇಲ್ಮನವಿಗೂ ಮರುಪರಿಶೀಲನೆಗೂ ಆ ಕೂಟದಲ್ಲಿ ಜಾಗ ಇರಲಿಲ್ಲ. ಅಭಿಮಾನಿಯ ಸಿಟ್ಟು ಹುಟ್ಟುವುದು ಬಹುಮಟ್ಟಿಗೆ ಇಂಥ ಮೌನದಿಂದ ಎಂಬುದು ನನ್ನ ನಂಬಿಕೆ. ಕಳೆದ ನಲವತ್ತು ವರ್ಷಗಳ ದೊಡ್ಡ ವಿವಾದಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ಗಟ್ಟಿಯಾಗುತ್ತದೆ.

ಹಳೇಬೀಡಿನವನಾದ ನಿನಗೆ ಬಾಕ್ಸಿಂಗ್ ಯಾಕೆ ಎಂದು ನನ್ನನ್ನು ಕೇಳುವವರಿದ್ದಾರೆ. ಭಾರತದ ಬಾಕ್ಸಿಂಗ್ ಎಂದರೆ ಮಣಿಪುರ, ಹರಿಯಾಣ. ಕನ್ನಡನಾಡಿನಿಂದ ಹೋದವರು ಕಡಿಮೆ. ಕೊಡಗಿನ ಸಿ.ಸಿ. ಮಾಚಯ್ಯ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದವರು, ಅರ್ಜುನ ಪ್ರಶಸ್ತಿ ಪಡೆದವರು. ಅವರ ಹೆಸರು ಇವತ್ತಿನ ಹುಡುಗರಿಗೆ ಗೊತ್ತಿಲ್ಲ. ಆದರೂ ಇಬ್ಬರು ಎದುರುಬದುರು ನಿಂತು ಮೈಬಲ ತೋರಿಸುವುದನ್ನು ನೋಡುವ ಕಣ್ಣು ಈ ಸೀಮೆಗೆ ಹೊಸದಲ್ಲ. ಇಂದಿನ ಹಳೇಬೀಡಾದ ದೋರಸಮುದ್ರದಲ್ಲಿ ಹೊಯ್ಸಳೇಶ್ವರ ದೇವಾಲಯ ಏಳುತ್ತಿದ್ದ 12ನೇ ಶತಮಾನದ ಅದೇ ದಶಕಗಳಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟ. ಮಲ್ಲರ ದರ್ಜೆ, ಅವರ ಊಟ, ಅಭ್ಯಾಸ, ದೊರೆಯ ಮುಂದೆ ನಡೆಯುವ ಕಾಳಗ, ಎಲ್ಲವೂ ಅದರಲ್ಲಿವೆ. ಅಲ್ಲಿ ತೀರ್ಪು ದೊರೆಯದು. ಅದನ್ನು ಪ್ರಶ್ನಿಸುವ ಮಾತೇ ಇಲ್ಲ.

ಆದರೆ ಜನ ಆಡಿಕೊಂಡು ಬಂದ ಕುಸ್ತಿಯಲ್ಲಿ ತೀರ್ಪು ಮಣ್ಣಿನಲ್ಲೇ ಕಾಣುತ್ತಿತ್ತು. ಗರಡಿಯ ಹುಡುಗ ಮೊದಲು ಕಲಿಯುವ ನಿಯಮವೇ ಅದು: ಬೆನ್ನು ಮಣ್ಣಿಗೆ ತಾಗಿ ಚಿತ್ ಆದವನು ಸೋತವನು. ಮೈಸೂರು ದಸರೆಯಲ್ಲಿ ಈಗಲೂ ಮೊದಲೇ ಜೋಡಿ ಕಟ್ಟುತ್ತಾರೆ. ತೂಕ, ವಯಸ್ಸು, ಹಿಂದಿನ ಕುಸ್ತಿಗಳನ್ನು ನೋಡಿ ಸಮಸಮ ಎನಿಸಿದವರನ್ನೇ ಎದುರುಬದುರು ಬಿಡುತ್ತಾರೆ. ದೇವರಾಜ ಅರಸು ಕ್ರೀಡಾಂಗಣದ ಮಟ್ಟಿಯ ಸುತ್ತ ಕೂತ ಹಿರಿಯರು ಪಟ್ಟು ಬಿದ್ದ ಕೂಡಲೇ ಯಾವ ಪಟ್ಟು ಎಂದು ಹೆಸರಿಟ್ಟು ಹೇಳುತ್ತಾರೆ. ಚಿತ್ ಆಗುವವರೆಗೆ ನಡೆಯುವ ಮಾರ್ಪಿಟ್ ಕುಸ್ತಿಗೆ ಇವತ್ತಿಗೂ ಹೆಚ್ಚು ಜನ ಸೇರುವುದು ಅದಕ್ಕೇ. ಅಲ್ಲಿ ಅಂಕದ ಹಂಗಿಲ್ಲ. ನೂರಾರು ಮಂದಿ ಕಂಡದ್ದನ್ನೇ ಪಂಚರೂ ಕಂಡಿರುತ್ತಾರೆ.

ನಮ್ಮಲ್ಲಿ ಬಾಕ್ಸಿಂಗ್‌ಗೆ ತೀರ ಹತ್ತಿರದ್ದು ವಜ್ರಮುಷ್ಟಿ ಕಾಳಗ. ವಿಜಯದಶಮಿಯ ದಿನ ಮೈಸೂರು ಅರಮನೆಯ ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನಚು ಆಯುಧ ತೊಟ್ಟು ಇಳಿಯುತ್ತಾರೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನಗಳವರು ಇದನ್ನು ತಲೆಮಾರುಗಳಿಂದ ಉಳಿಸಿಕೊಂಡಿದ್ದಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕ್ಷಣ ಕಾಳಗ ಮುಗಿಯಿತು. ಕೆಲವು ಸಲ ಅದು ಒಂದು ನಿಮಿಷವೂ ಹಿಡಿಯುವುದಿಲ್ಲ. ಅಲ್ಲಿ ತೀರ್ಪಿನ ವಿಚಾರವಾಗಿ ಜಗಳವಾಗಲು ಎಡೆಯೇ ಇಲ್ಲ. ರಕ್ತ ಎಲ್ಲರಿಗೂ ಕಾಣುತ್ತದೆ.

ಸ್ಪಷ್ಟವಾದ ತೀರ್ಪಿಗೆ ಕೊಡುವ ಬೆಲೆ ಯಾವುದು ಎಂಬುದೂ ಇಲ್ಲಿಯೇ ಕಾಣುತ್ತದೆ. ರಕ್ತವೋ, ಪ್ರಜ್ಞೆ ತಪ್ಪಿದ ದೇಹವೋ ತೀರ್ಮಾನ ಕೊಡಬೇಕೆಂದರೆ ಕಾಳಗ ಅಲ್ಲಿಯವರೆಗೆ ನಡೆಯಬೇಕು. ಹಣಕ್ಕಾಗಿ ಆಡುವ ಬಾಕ್ಸಿಂಗ್‌ನಲ್ಲಿ ಹನ್ನೆರಡು ಸುತ್ತಿನವರೆಗೂ ಇದ್ದರೆ ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಮೂರೇ. ಪೆಟ್ಟು ಜೋರಾದರೆ ರೆಫರಿ ನಡುವೆ ಬಂದು ಎಂಟರವರೆಗೆ ಎಣಿಸುತ್ತಾರೆ. ಆಟಗಾರರ ತಲೆ ಉಳಿಯಲಿ ಎಂಬ ಕರುಣೆಯಿಂದ ಬಂದ ನಿಯಮಗಳು ಇವು. ಹೀಗಾಗಿ ಹೆಚ್ಚಿನ ಪಂದ್ಯಗಳು ನೆಲದ ಮೇಲೆ ತೀರ್ಮಾನವಾಗದೆ ತೀರ್ಪುಗಾರರ ಮೇಜಿಗೆ ಹೋಗುತ್ತವೆ. ಅಂಕ ಬಂದ ಮೇಲೆ ಅಭಿಪ್ರಾಯ ಬಂತು, ಅಭಿಪ್ರಾಯದ ಬೆನ್ನಿಗೆ ತಕರಾರು. ಈ ತಕರಾರನ್ನು ಪೂರ್ತಿ ಅಳಿಸಬೇಕೆಂದು ನಾನು ಬಯಸುವುದಿಲ್ಲ. ಅದನ್ನು ಅಳಿಸಲು ರಕ್ತವೇ ಬೇಕಾಗುತ್ತದೆ.

ಇನ್ನು ಸೋಲ್‌ಗೆ ಬರೋಣ. 1988ರ ಒಲಿಂಪಿಕ್ಸ್‌ನ ಬಾಕ್ಸಿಂಗ್ ರಿಂಗ್ ಎರಡು ಬಗೆಯ ಪ್ರತಿಭಟನೆಯನ್ನು ಕಂಡಿತು. ಆತಿಥೇಯ ದೇಶದ ಬ್ಯೂನ್ ಜೊಂಗ್ ಇಲ್ ಬಲ್ಗೇರಿಯಾದ ಹ್ರಿಸ್ಟೋವ್ ಎದುರು ಸೋತ. ತಲೆಯಿಂದ ಗುದ್ದಿದನೆಂದು ನ್ಯೂಜಿಲೆಂಡ್‌ನ ರೆಫರಿ ಕೀತ್ ವಾಕರ್ ಕೊಟ್ಟ ಎಚ್ಚರಿಕೆಗಳೇ ಅವನಿಗೆ ಮುಳುವಾದವು. ಕೊರಿಯಾದ ತರಬೇತುದಾರರು, ಅಧಿಕಾರಿಗಳು ರಿಂಗ್‌ಗೆ ನುಗ್ಗಿ ರೆಫರಿಯ ಮೇಲೆ ಕೈ ಮಾಡಿದರು. ಬ್ಯೂನ್ ರಿಂಗ್ ಬಿಟ್ಟು ಏಳಲಿಲ್ಲ. 67 ನಿಮಿಷ ಅಲ್ಲಿಯೇ ಕೂತ. ಕೊನೆಗೆ ದೀಪ ಆರಿಸಿದರು. ಇದಾದ ಹತ್ತೇ ದಿನಕ್ಕೆ, ಅಕ್ಟೋಬರ್ 2ರಂದು, ಅಮೆರಿಕದ 19 ವರ್ಷದ ರಾಯ್ ಜೋನ್ಸ್ ಜೂನಿಯರ್ ಫೈನಲ್‌ನಲ್ಲಿ ಕೊರಿಯಾದ ಪಾರ್ಕ್ ಸಿ ಹುನ್ ಎದುರು ಮೂರೂ ಸುತ್ತು ಮೇಲುಗೈ ಸಾಧಿಸಿದ. ಟಿ.ವಿ.ಯವರ ಎಣಿಕೆಯಂತೆ ಜೋನ್ಸ್ ಮುಟ್ಟಿಸಿದ ಗುದ್ದು 86, ಪಾರ್ಕ್ ಮುಟ್ಟಿಸಿದ್ದು 32. ತೀರ್ಪು 3-2, ಪಾರ್ಕ್ ಪರ. ಆ ಕೂಟದ ಅತ್ಯುತ್ತಮ ಬಾಕ್ಸರ್‌ಗೆ ಕೊಡುವ ವಾಲ್ ಬಾರ್ಕರ್ ಟ್ರೋಫಿಯನ್ನು ಮಾತ್ರ ಚಿನ್ನ ಕಳೆದುಕೊಂಡ ಜೋನ್ಸ್‌ಗೇ ಕೊಟ್ಟರು. ಈ ಎರಡು ತೀರ್ಮಾನಗಳಿಗೆ ತಾಳೆಯಿಲ್ಲ ಎಂದು ಹೇಳಲು ಬಾಕ್ಸಿಂಗ್ ಪಂಡಿತನಾಗಬೇಕಿಲ್ಲ. 1997ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ವಿಚಾರಣೆ ಮುಗಿಸಿ, ಲಂಚಕ್ಕೆ ಪುರಾವೆ ಸಿಗಲಿಲ್ಲ ಎಂದು ಫಲಿತಾಂಶವನ್ನು ಹಾಗೇ ಬಿಟ್ಟಿತು.

ಜಗತ್ತಿನ ಸಿಟ್ಟಿಗೆ ಉತ್ತರವಾಗಿ ಬಂದದ್ದು ಯಂತ್ರ. 1992ರ ಬಾರ್ಸಿಲೋನಾದಿಂದ ಐವರು ತೀರ್ಪುಗಾರರ ಮುಂದೆ ಕೆಂಪು, ನೀಲಿ ಗುಂಡಿಗಳು ಬಂದವು. ಒಂದು ಸೆಕೆಂಡಿನೊಳಗೆ ಕನಿಷ್ಠ ಮೂವರು ಒಂದೇ ಗುಂಡಿ ಒತ್ತಿದರೆ ಒಂದು ಅಂಕ. ಕಾಗದದ ಮೇಲೆ ಇದಕ್ಕಿಂತ ನೇರವಾದದ್ದು ಇಲ್ಲ. ಆದರೆ ರಿಂಗ್‌ನ ಒಂದು ಬದಿಯಲ್ಲಿ ಕೂತವರಿಗೆ ಕಂಡ ಗುದ್ದು ಇನ್ನೊಂದು ಬದಿಯವರಿಗೆ ರೆಫರಿಯ ಬೆನ್ನಿನಿಂದ ಮರೆಯಾಗುತ್ತದೆ. ಒಂದರ ಹಿಂದೊಂದು ಬೀಳುವ ಮೂರು ನಾಲ್ಕು ಗುದ್ದುಗಳನ್ನು ಬೆರಳು ಹಿಂಬಾಲಿಸಲಾರದು. ಹೊಟ್ಟೆ, ಪಕ್ಕೆಗೆ ಬಿದ್ದ ಭಾರಿ ಪೆಟ್ಟುಗಳು ಲೆಕ್ಕಕ್ಕೆ ಬರದೆ ಹೋದವು. ಆಟಗಾರರು ಮುಟ್ಟಿ ಓಡುವುದನ್ನು ಕಲಿತರು. ಅಂಕ ಸಿಗುವ ಕಡೆಗೇ ಆಟ ಬಾಗಿತು. ಯಂತ್ರ ತಂದವರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ, ಆದರೂ ಆ ಇಪ್ಪತ್ತು ವರ್ಷ ಬಾಕ್ಸಿಂಗ್ ತನ್ನ ಅಂದ ಕಳೆದುಕೊಂಡಿತು.

ವಿವಾದವಾದರೂ ನಿಂತಿತೇ? 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಅಭಿಮಾನಿ ಒಂದರ ಮೇಲೊಂದು ಪೆಟ್ಟು ತಿಂದ. ಸುಮಿತ್ ಸಾಂಗ್ವಾನ್ ಬ್ರೆಜಿಲ್‌ನ ಯಮಾಗುಚಿ ಫಲ್ಕಾವೊ ಎದುರು 14-15ರಿಂದ ಸೋತಾಗ ಭಾರತ ಸಲ್ಲಿಸಿದ ದೂರು ತಿರಸ್ಕೃತವಾಯಿತು. ವಿಕಾಸ್ ಕೃಷನ್ ಅಮೆರಿಕದ ಎರಲ್ ಸ್ಪೆನ್ಸ್‌ನನ್ನು 13-11ರಿಂದ ಗೆದ್ದ ಮೇಲೆ ಅಮೆರಿಕದ ದೂರು ಸ್ವೀಕೃತವಾಗಿ ಫಲಿತಾಂಶ 15-13ಕ್ಕೆ ತಿರುಗಿತು. ವಿಕಾಸ್ ಮತ್ತೆ ಮತ್ತೆ ಎದುರಾಳಿಯನ್ನು ಹಿಡಿದುಕೊಂಡದ್ದಕ್ಕೆ, ಹಲ್ಲಿನ ಕವಚ ಬೇಕೆಂದೇ ಉಗುಳಿದ್ದಕ್ಕೆ ರೆಫರಿ ಎಚ್ಚರಿಕೆ ಕೊಡಬೇಕಿತ್ತು ಎಂಬುದು ಕಾರಣ. ಆ ರಾತ್ರಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಬಡ ದೇಶದ ದೂರು ಬೀಳುತ್ತದೆ, ದೊಡ್ಡ ದೇಶದ ದೂರು ಏಳುತ್ತದೆ. ಮತ್ತೆ ಆ ಪಂದ್ಯ ನೋಡಿದರೆ ಒಂದನ್ನು ಒಪ್ಪಬೇಕಾಗುತ್ತದೆ. ಮೂರನೇ ಸುತ್ತಿನಲ್ಲಿ ವಿಕಾಸ್ ಹಿಡಿದದ್ದು ನಿಜ, ಬಹಳ ಸಲ ಹಿಡಿದದ್ದೂ ನಿಜ. ನಮ್ಮ ಹುಡುಗನ ತಪ್ಪನ್ನು ಕಂಡೂ ಕಾಣದಂತೆ ಇರುವುದು ಅಭಿಮಾನವಲ್ಲ. ಅದೇ ಲಂಡನ್‌ನಲ್ಲಿ ಜಪಾನಿನ ಸತೋಷಿ ಶಿಮಿಜು ಕೊನೆಯ ಸುತ್ತಿನಲ್ಲಿ ಅಜರ್‌ಬೈಜಾನ್‌ನ ಎದುರಾಳಿಯನ್ನು ಮತ್ತೆ ಮತ್ತೆ ಕೆಡವಿದರೂ ರೆಫರಿ ಎಣಿಸಲಿಲ್ಲ. 22-17ರಿಂದ ಸೋತ ಶಿಮಿಜುಗೆ ದೂರಿನ ಮೇಲೆ ನ್ಯಾಯ ಸಿಕ್ಕಿತು. ಆ ರೆಫರಿಯನ್ನು ಕೂಟದಿಂದಲೇ ಮನೆಗೆ ಕಳಿಸಿದರು.

2013ರಲ್ಲಿ ಗುಂಡಿಗಳು ಹೋಗಿ ಹತ್ತು ಅಂಕದ ಪದ್ಧತಿ ಬಂತು. ಸುತ್ತು ಗೆದ್ದವರಿಗೆ ಹತ್ತು, ಸೋತವರಿಗೆ ಒಂಬತ್ತು ಅಥವಾ ಇನ್ನೂ ಕಡಿಮೆ. ಗುರಿಗೆ ಬಿದ್ದ ಒಳ್ಳೆಯ ಗುದ್ದುಗಳು, ಆಟದ ಮೇಲಿನ ಹಿಡಿತ, ಸೆಣಸುವ ಛಲ ಇವುಗಳನ್ನು ನೋಡಿ ತೂಗಬೇಕು. ಆಗ ಐವರು ಕೂತರೂ ಕಂಪ್ಯೂಟರ್ ಆರಿಸಿದ ಮೂವರ ಅಂಕಗಳಷ್ಟೇ ಲೆಕ್ಕಕ್ಕೆ ಬರುತ್ತಿದ್ದವು. ಈ ಪದ್ಧತಿಯ ಮೊದಲ ದಿನಗಳಲ್ಲೇ ಸರಿತಾ ದೇವಿಯ ಪ್ರಸಂಗ ನಡೆಯಿತು.

ದಕ್ಷಿಣ ಕೊರಿಯಾದ ಇಂಚಿಯಾನ್, 2014ರ ಸೆಪ್ಟೆಂಬರ್ 30. ಏಷ್ಯನ್ ಕ್ರೀಡಾಕೂಟದ 60 ಕಿಲೋ ವಿಭಾಗದ ಸೆಮಿಫೈನಲ್. ಮಗು ಹೆತ್ತು ಮತ್ತೆ ರಿಂಗ್‌ಗೆ ಮರಳಿದ್ದ ಮಣಿಪುರದ ಸರಿತಾ ಎದುರು ಆತಿಥೇಯ ದೇಶದ ಪಾರ್ಕ್ ಜಿ ನಾ. ಎರಡೆರಡು ನಿಮಿಷದ ನಾಲ್ಕು ಸುತ್ತು. ಸರಿತಾರ ಗುದ್ದುಗಳಿಗೆ ಪಾರ್ಕ್ ತತ್ತರಿಸಿ ಹಿಂದೆ ಸರಿದದ್ದು ನೋಡಿದವರಿಗೆಲ್ಲ ಕಂಡಿತು. ತೀರ್ಪು 0-3. ಒಬ್ಬ ತೀರ್ಪುಗಾರರೂ ಸರಿತಾ ಕಡೆ ಇರಲಿಲ್ಲ. ದೂರು ಕೊಡಲು 500 ಡಾಲರ್ ಶುಲ್ಕ ಕಟ್ಟಬೇಕಿತ್ತು. ಕಟ್ಟಿದ್ದಾಯಿತು. ಅಂಕಗಳ ವಿಚಾರದಲ್ಲಿ ದೂರಿಗೆ ಅವಕಾಶವೇ ಇಲ್ಲ ಎಂಬ ಉತ್ತರ ಬಂತು. ಅದೇ ಕೂಟದಲ್ಲಿ ಮಂಗೋಲಿಯಾದ ತುಗ್‌ಸ್ತ್ಸೊಗ್ತ್ ಕೂಡ ಆತಿಥೇಯ ಬಾಕ್ಸರ್‌ಗೆ ಸೋತಾಗ ಆ ದೇಶದ ತಂಡ ಪ್ರತಿಭಟಿಸಿತ್ತು. ಹಾಗಾಗಿ ಇದು ಒಬ್ಬ ಹೆಣ್ಣುಮಗಳ ಅಳಲು ಮಾತ್ರ ಆಗಿರಲಿಲ್ಲ.

ಮರುದಿನ ಪದಕ ಪ್ರದಾನ. ಸರಿತಾ ಅಳುತ್ತಲೇ ಬಂದರು. ಕಂಚು ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. ಕೈಯಲ್ಲಿ ತೆಗೆದುಕೊಂಡು, ಬೆಳ್ಳಿ ಗೆದ್ದು ನಿಂತಿದ್ದ ಪಾರ್ಕ್ ಜಿ ನಾ ಕೊರಳಿಗೆ ಹಾಕಿಬಿಟ್ಟರು. ಏನು ಮಾಡಬೇಕೆಂದು ತೋಚದೆ ಪಾರ್ಕ್ ಅದನ್ನು ಹಿಂದಿರುಗಿಸಲು ನೋಡಿದರು. ಪದಕ ವೇದಿಕೆಯಲ್ಲೇ ಉಳಿಯಿತು. ಭಾರತದ ಉದ್ದಗಲಕ್ಕೂ ಜನ ಸರಿತಾ ಪರ ನಿಂತರು. ಆಮೇಲೆ ಬಂದದ್ದು ಶಿಕ್ಷೆ. ಸರಿತಾ ಬೇಷರತ್ ಕ್ಷಮೆ ಕೇಳಿದರೂ ಅಂತಾರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಒಂದು ವರ್ಷ ನಿಷೇಧ ಹೇರಿ 1,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಸಚಿನ್ ತೆಂಡೂಲ್ಕರ್ ಕ್ರೀಡಾ ಸಚಿವರಿಗೆ ಪತ್ರ ಬರೆದು ಆಕೆಯ ಬೆಂಬಲಕ್ಕೆ ಬಂದರು.

ಇದರ ಬಗ್ಗೆ ನನ್ನ ನಿಲುವು ಹೇಳಲೇಬೇಕು. ಪಂದ್ಯ ಸರಿತಾರದು. ಅದರಲ್ಲಿ ನನಗೆ ಅನುಮಾನವಿಲ್ಲ. ದೂರಿಗೆ ದಾರಿ ಮುಚ್ಚಿ, ದಾರಿಯಿಲ್ಲದ ಆಟಗಾರ್ತಿ ಅತ್ತರೆ ಅವಳನ್ನೇ ದಂಡಿಸಿದ್ದು ಅನ್ಯಾಯದ ಮೇಲೆ ಅನ್ಯಾಯ. ಆದರೂ ಆ ಕಂಚು ಪಾರ್ಕ್ ಜಿ ನಾ ಕೊರಳಿಗೆ ಬೀಳಬಾರದಿತ್ತು. ಆಕೆ ತನಗೆ ತಾನೇ ಅಂಕ ಕೊಟ್ಟುಕೊಂಡವಳಲ್ಲ. ಗಂಟೆ ಬಾರಿಸಿದಾಗ ಇಳಿದಳು, ಗಂಟೆ ಬಾರಿಸುವವರೆಗೆ ಹೊಡೆದಳು, ಹೊಡೆಸಿಕೊಂಡಳು. ತೀರ್ಪು ಬರೆದವರು ವೇದಿಕೆಯ ಮೇಲೆ ಇರಲಿಲ್ಲ, ಅವರ ಹೆಸರು ಜನಕ್ಕೆ ಗೊತ್ತೂ ಇರಲಿಲ್ಲ. ಕಣ್ಣಿಗೆ ಕಾಣುವವರ ಮೇಲೆ ಸಿಟ್ಟು ಹೋಗಿ ಬೀಳುತ್ತದೆ.

ಗೆದ್ದವರು ಒಬ್ಬರು, ಜನರ ಮನಸ್ಸು ಇನ್ನೊಬ್ಬರ ಕಡೆ ಎಂಬುದು ನಮಗೆ ಬಹಳ ಹಳೆಯ ಕತೆ. ಹಾಸನ, ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟದ ಊರು ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ ನಡೆಯುತ್ತದೆ, ದುಡ್ಡೂ ಹೆಚ್ಚು ಕಟ್ಟಬೇಕು. ಬೆಳಗಿನ ಜಾವ ಭೀಮನ ಗದೆ ಅವನ ತೊಡೆಗೆ ಬೀಳುವ ಹೊತ್ತಿಗೆ ಚಾಪೆ ಹಾಸಿಕೊಂಡು ಕೂತವರ ಮನಸ್ಸು ಗೆದ್ದವನ ಕಡೆ ಇರುವುದಿಲ್ಲ. ಗದಾಯುದ್ಧದಲ್ಲಿ ಹೊಕ್ಕುಳ ಕೆಳಗೆ ಹೊಡೆಯಬಾರದು. ಬಾಕ್ಸಿಂಗ್‌ನಲ್ಲಿಯೂ ಸೊಂಟಪಟ್ಟಿಯ ಕೆಳಗೆ ಹೊಡೆಯುವುದು ತಪ್ಪು. ಇಬ್ಬರಿಗೂ ಗದೆ ಕಲಿಸಿದ ಬಲರಾಮ ಅಲ್ಲಿಗೆ ಬಂದಿದ್ದ. ಕಣ್ಣೆದುರು ನಿಯಮ ಮುರಿದದ್ದನ್ನು ಕಂಡು ನೇಗಿಲು ಎತ್ತಿ ಭೀಮನ ಮೇಲೆ ಹೋದ. ಕೃಷ್ಣ ತಡೆದ. ಭೀಮನ ಪ್ರತಿಜ್ಞೆ, ದ್ರೌಪದಿಗಾದ ಅವಮಾನ, ಅರಗಿನ ಮನೆ, ಹಿಂದಿನದೆಲ್ಲವನ್ನೂ ಮುಂದಿಟ್ಟ. ಬಲರಾಮನಿಗೆ ಸಮಾಧಾನ ಆಗಲಿಲ್ಲ. ಭೀಮ ವಕ್ರವಾಗಿ ಹೋರಾಡಿದವನೆಂದೇ ಲೋಕದಲ್ಲಿ ಹೆಸರಾಗುತ್ತಾನೆ ಎಂದು ಹೇಳಿ ರಥ ಹತ್ತಿ ದ್ವಾರಕೆಗೆ ಹೊರಟುಹೋದ.

ಕೃಷ್ಣನ ವಾದ ಯುದ್ಧದ್ದು. ಒಟ್ಟು ನ್ಯಾಯ ಯಾರ ಕಡೆ ಎಂದು ಅದು ನೋಡುತ್ತದೆ. ಬಲರಾಮನ ವಾದ ಆಟದ್ದು. ಈ ಕಣದೊಳಗೆ, ಈ ನಿಯಮದೊಳಗೆ ಏನು ನಡೆಯಿತು ಎಂದಷ್ಟೇ ಕೇಳುತ್ತದೆ. ರನ್ನ ಗದಾಯುದ್ಧ ಬರೆದದ್ದು ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕೊಂಡಾಡಲು. ಆದರೂ ಸಾವಿರ ವರ್ಷದ ಮೇಲೂ ಓದುಗರನ್ನು ಹಿಡಿದಿಡುವವನು ಅವನ ದುರ್ಯೋಧನ. ಗೆಲುವು ಒಬ್ಬನಿಗೆ ಸಂದರೂ ಜನರ ಗೌರವ ಇನ್ನೊಬ್ಬನಿಗೆ ಸಲ್ಲಬಹುದು. ಅಭಿಮಾನಿಯ ಕೈಯಲ್ಲಿರುವ ದೊಡ್ಡ ಅಧಿಕಾರ ಇದೇ. ರಾಯ್ ಜೋನ್ಸ್ ಸೋಲ್‌ನಲ್ಲಿ ಬೆಳ್ಳಿ ಪಡೆದ, ಆಮೇಲೆ ನಾಲ್ಕು ತೂಕದ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆದ. ಆ ಫೈನಲ್‌ನಲ್ಲಿ ಸೋತವನೆಂದು ಅವನನ್ನು ಯಾರೂ ನೆನೆಯುವುದಿಲ್ಲ.

ಅನ್ಯಾಯದ ತೀರ್ಪು ಗೆದ್ದವರನ್ನೂ ಬಿಡುವುದಿಲ್ಲ. ಪಾರ್ಕ್ ಸಿ ಹುನ್ ಆ ಚಿನ್ನ ಗೆದ್ದ ಮೇಲೆ ಬಾಕ್ಸಿಂಗ್ ಮುಂದುವರಿಸಲಿಲ್ಲ. ತನ್ನ ದೇಶದವರಿಂದಲೂ ಕಟುಮಾತು ಕೇಳಿದ, ಖಿನ್ನತೆಗೆ ಬಿದ್ದ. ಅವನು ಆ ಕೈ ಎತ್ತಿಸಿಕೊಳ್ಳಲು ಕೇಳಿರಲಿಲ್ಲ. 2023ರಲ್ಲಿ ಅಮೆರಿಕದ ಪೆನ್ಸಕೋಲಾಕ್ಕೆ ಹೋಗಿ, ರಾಯ್ ಜೋನ್ಸ್‌ನ ಕೈಗೇ ಆ ಪದಕ ಒಪ್ಪಿಸಿದ. 35 ವರ್ಷ ಬೇಕಾಯಿತು. ಯಾವ ಸಮಿತಿಯೂ ಮಾಡದ ಕೆಲಸವನ್ನು ಗೆದ್ದವನೇ ಮಾಡಿದ. ಲಾಸ್ ವೇಗಸ್‌ನಲ್ಲಿ 2012ರ ಜೂನ್‌ನಲ್ಲಿ ಟಿಮೊತಿ ಬ್ರಾಡ್ಲಿ ಮ್ಯಾನಿ ಪ್ಯಾಕಿಯಾವೊ ಎದುರು ಗೆದ್ದನೆಂದು ಘೋಷಿಸಿದಾಗಲೂ ಹೀಗೆ. ಆಮೇಲೆ ಮತ್ತೆ ಐವರು ತೀರ್ಪುಗಾರರನ್ನು ಕೂರಿಸಿ ಆ ಪಂದ್ಯದ ವಿಡಿಯೊ ತೋರಿಸಿದಾಗ ಐವರೂ ಪ್ಯಾಕಿಯಾವೊ ಗೆದ್ದನೆಂದರು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಬ್ರಾಡ್ಲಿಗೆ ಕೊಲೆ ಬೆದರಿಕೆಗಳು ಬಂದವು. ಅವನು ಮಾಡಿದ್ದ ತಪ್ಪು ಹನ್ನೆರಡು ಸುತ್ತು ನಿಂತು ಆಡಿದ್ದು.

ಅಭಿಮಾನದ ಕಣ್ಣು ಎಷ್ಟು ಬೇಗ ಪಕ್ಷ ಬದಲಿಸುತ್ತದೆ ಎಂಬುದಕ್ಕೆ ನಮ್ಮ ದೇಶದೊಳಗಿನ ಒಂದು ಪ್ರಸಂಗ ಸಾಕು. 2019ರ ಡಿಸೆಂಬರ್ ಕೊನೆಯಲ್ಲಿ ದೆಹಲಿಯಲ್ಲಿ ಒಲಿಂಪಿಕ್ ಅರ್ಹತಾ ಕೂಟಕ್ಕೆ ಆಯ್ಕೆ ನಡೆಯಿತು. ಮೇರಿ ಕೋಮ್ 9-1ರಿಂದ ತೆಲಂಗಾಣದ ನಿಖತ್ ಜರೀನ್‌ರನ್ನು ಸೋಲಿಸಿದರು. ಅಲ್ಲಿಯೇ ತೆಲಂಗಾಣದವರು ತೀರ್ಪು ಸರಿಯಿಲ್ಲವೆಂದು ಕೂಗೆಬ್ಬಿಸಿದರು. ಮೇರಿ ಕೈ ಕುಲುಕದೆ ಹೋದರು. ಅಂದು ತೀರ್ಪು ತೀರ್ಪೇ ಎಂದವರು ಒಂದೂವರೆ ವರ್ಷದ ಮೇಲೆ ಟೋಕಿಯೊ ತೀರ್ಪಿಗೆ ಕೆಂಡವಾದರು. ನಿಖತ್ 2022ರಲ್ಲೂ 2023ರಲ್ಲೂ ವಿಶ್ವ ಚಾಂಪಿಯನ್ ಆದರು. ಪ್ಯಾರಿಸ್‌ನಲ್ಲಿ 2024ರ ಆಗಸ್ಟ್‌ನಲ್ಲಿ ನಿಶಾಂತ್ ದೇವ್ ಮೊದಲ ಸುತ್ತು ಚೆನ್ನಾಗಿ ಗೆದ್ದು, ಮೆಕ್ಸಿಕೊದ ಮಾರ್ಕೊ ವೆರ್ಡೆ ಎದುರು 1-4ರಿಂದ ಸೋತಾಗಲೂ ದೇಶವಿಡೀ ಅನ್ಯಾಯ ಎಂದಿತು. ನನಗೂ ಮೊದಲೆರಡು ಸುತ್ತು ನಿಶಾಂತ್‌ನವೇ ಅನ್ನಿಸಿತ್ತು. ಕೊನೆಯ ಸುತ್ತಿನಲ್ಲಿ ಅವನಲ್ಲಿ ಕಸುವು ಉಳಿದಿರಲಿಲ್ಲ. ಇದನ್ನು ಹೇಳದೆ ಅದನ್ನು ಮಾತ್ರ ಹೇಳುವುದು ಸರಿಯಲ್ಲ.

ಹಾಗೆಂದು ಎಲ್ಲ ಗುಮಾನಿಯೂ ಪಕ್ಷಪಾತದ್ದಲ್ಲ. ರಿಯೊ ಒಲಿಂಪಿಕ್ಸ್‌ನಲ್ಲಿ, 2016ರ ಆಗಸ್ಟ್‌ನಲ್ಲಿ, ಐರ್ಲೆಂಡ್‌ನ ಮೈಕೆಲ್ ಕಾನ್ಲನ್ ರಷ್ಯಾದ ವ್ಲಾದಿಮಿರ್ ನಿಕಿತಿನ್ ಎದುರು ಸೋತನೆಂದು ಘೋಷಿಸಿದಾಗ ಕಾನ್ಲನ್ ತೀರ್ಪುಗಾರರ ಕಡೆ ಬೆರಳು ತೋರಿಸಿ ಬೈದ. ಗೆದ್ದ ನಿಕಿತಿನ್ ಎಷ್ಟು ಪೆಟ್ಟು ತಿಂದಿದ್ದನೆಂದರೆ ಸೆಮಿಫೈನಲ್‌ಗೆ ಇಳಿಯಲೇ ಆಗಲಿಲ್ಲ. ಕಜಕಸ್ತಾನದ ವಾಸಿಲಿ ಲೆವಿಟ್ ಹೆವಿವೇಟ್ ಫೈನಲ್ ಸೋತಾಗ ಪ್ರೇಕ್ಷಕರು ವಿಜೇತನನ್ನೇ ಕೂಗಿ ಹೀಗಳೆದರು. ಐದು ವರ್ಷದ ಮೇಲೆ, 2021ರ ಸೆಪ್ಟೆಂಬರ್‌ನಲ್ಲಿ, ಕೆನಡಾದ ನ್ಯಾಯಶಾಸ್ತ್ರಜ್ಞ ರಿಚರ್ಡ್ ಮ್ಯಾಕ್‌ಲಾರೆನ್ ವರದಿ ಕೊಟ್ಟರು. ರಿಯೊದಲ್ಲಿ ಪಂದ್ಯಗಳ ಫಲಿತಾಂಶ ತಿರುಚುವ ಒಂದು ವ್ಯವಸ್ಥೆಯೇ ಇತ್ತು. ಹೇಳಿದಂತೆ ಕೇಳುವ ರೆಫರಿಗಳನ್ನೂ ತೀರ್ಪುಗಾರರನ್ನೂ ಬೇಕಾದ ಪಂದ್ಯಗಳಿಗೆ ಹಾಕುತ್ತಿದ್ದರು. ಅಭಿಮಾನಿಗಳು ಐದು ವರ್ಷ ಹೇಳಿದ್ದನ್ನೇ ವರದಿ ಕಾಗದದ ಮೇಲೆ ತಂದಿತು. ಒಲಿಂಪಿಕ್ ಸಮಿತಿ ಅಂತಾರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯನ್ನು ಆಗಲೇ 2019ರಲ್ಲಿ ಅಮಾನತು ಮಾಡಿತ್ತು. 2023ರ ಜೂನ್‌ನಲ್ಲಿ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಅದರ ಜಾಗಕ್ಕೆ ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆ ಬಂದಿದೆ, 2025ರಲ್ಲಿ ಅದಕ್ಕೆ ತಾತ್ಕಾಲಿಕ ಮಾನ್ಯತೆ ಸಿಕ್ಕಿ 2028ರ ಲಾಸ್ ಏಂಜಲೀಸ್‌ನಲ್ಲಿ ಬಾಕ್ಸಿಂಗ್ ಉಳಿಯಿತು. ಜನರ ಗದ್ದಲ ಇರದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಮೇರಿ ಸೋತ ಕೊಕುಗಿಕಾನ್ ಜಪಾನಿನ ಸುಮೊ ಕುಸ್ತಿಯ ಮನೆ. ಅಲ್ಲಿಯ ಪದ್ಧತಿ ಬಾಕ್ಸಿಂಗ್‌ನವರು ನೋಡಿ ಕಲಿಯಬೇಕಾದದ್ದು. ರೆಫರಿಯ ತೀರ್ಮಾನದ ಬಗ್ಗೆ ಸಂಶಯ ಬಂದರೆ ಕಣದ ಸುತ್ತ ಕೂತ ಐವರು ತೀರ್ಪುಗಾರರು ಎದ್ದು ಮೇಲೆ ಬರುತ್ತಾರೆ. ಎಲ್ಲರ ಎದುರೇ ಸೇರಿ ಮಾತಾಡುತ್ತಾರೆ. ಆಮೇಲೆ ಮುಖ್ಯ ತೀರ್ಪುಗಾರರು ಮೈಕ್ ಹಿಡಿದು ಏನು ಕಂಡರು, ಯಾಕೆ ಈ ತೀರ್ಮಾನ, ಮತ್ತೆ ಆಡಿಸಬೇಕೇ ಎಂಬುದನ್ನು ಜನಕ್ಕೆ ಹೇಳುತ್ತಾರೆ. 1969ರ ಮಾರ್ಚ್‌ನಲ್ಲಿ ಸತತ 45 ಕುಸ್ತಿ ಗೆದ್ದಿದ್ದ ತೈಹೊ ತಪ್ಪು ತೀರ್ಪಿನಿಂದ ಸೋತ. ಎದುರಾಳಿಯ ಕಾಲೇ ಮೊದಲು ಹೊರಗೆ ಹೋಗಿದ್ದು ಫೋಟೊಗಳಲ್ಲಿ ಕಂಡಿತು. ಜನ ಕೆರಳಿದರು. ಮುಂದಿನ ಕೂಟದಿಂದಲೇ ವಿಡಿಯೊ ನೋಡುವ ಏರ್ಪಾಡು ಬಂತು. ನಮ್ಮ ಕರಾವಳಿಯ ಕಂಬಳದಲ್ಲೂ ಓಟ ಮುಗಿಯುವ ಮಂಜೊಟ್ಟಿಯ ಬಳಿ ಯಾವ ಜೋಡಿ ಮೊದಲು ಎಂಬ ಜಗಳಗಳಿಗೆ ಈಗ ಲೇಸರ್ ಸಾಧನ ಉತ್ತರ ಕೊಡುತ್ತದೆ. ಓಟದಲ್ಲಿ ಯಂತ್ರಕ್ಕೆ ಅದು ಸುಲಭ, ಗುದ್ದಾಟದಲ್ಲಿ ಅಲ್ಲ. ಅದಕ್ಕೇ ಬಾಕ್ಸಿಂಗ್‌ಗೆ ಬೇಕಾದದ್ದು ಸುಮೊದ ಮೈಕ್.

ಸುತ್ತು ಸುತ್ತಿಗೆ ಅಂಕ ತೋರಿಸುವುದು ಈಗ ಬಂದಿದೆ. ಮರುಪರಿಶೀಲನೆಯೂ ಕೆಲವು ಕೂಟಗಳಲ್ಲಿ ಬಂತು. ಭಾರತದ ಅಭಿಮಾನಿಗೆ ಅದರ ಎರಡು ಮುಖವೂ ಒಂದೇ ವಾರದಲ್ಲಿ ಕಂಡವು. 2021ರ ಮೇ ಕೊನೆಯಲ್ಲಿ ದುಬೈನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆಯಿತು. 54 ಕಿಲೋ ಸೆಮಿಫೈನಲ್‌ನಲ್ಲಿ ಸಾಕ್ಷಿ ಚೌಧರಿ ಕಜಕಸ್ತಾನದ ದಿನಾ ಜೊಲಮನ್ ಎದುರು 3-2ರಿಂದ ಗೆದ್ದರು. ಕಜಕಸ್ತಾನ ಮೂರನೇ ಸುತ್ತನ್ನು ಪ್ರಶ್ನಿಸಿತು. ಮತ್ತೆ ನೋಡಿ ಫಲಿತಾಂಶ ತಿರುಗಿಸಿದರು. ಫೈನಲ್‌ಗೆ ಹೋಗಬೇಕಿದ್ದ ಸಾಕ್ಷಿ ಕಂಚಿಗೆ ಇಳಿದರು. ಫೈನಲ್‌ನಲ್ಲಿ ಅಮಿತ್ ಪಂಘಾಲ್ ಉಜ್ಬೇಕಿಸ್ತಾನದ ಒಲಿಂಪಿಕ್ ಚಾಂಪಿಯನ್ ಜೊಯಿರೊವ್ ಎದುರು 2-3ರಿಂದ ಸೋತಾಗ ಭಾರತ ಎರಡನೇ ಸುತ್ತನ್ನು ಪ್ರಶ್ನಿಸಿತು. ಈ ಬಾರಿ ಫಲಿತಾಂಶ ಬದಲಾಗಲಿಲ್ಲ. ಸಾಕ್ಷಿಯ ಸೋಲನ್ನು ಒಪ್ಪದೆ ಅಮಿತ್‌ಗೆ ಮಾತ್ರ ನ್ಯಾಯ ಕೇಳಲು ನನಗೆ ಬಾಯಿ ಬರುವುದಿಲ್ಲ. ಮರುಪರಿಶೀಲನೆ ಬೇಕೆಂದವರು ಅದು ನಮ್ಮ ವಿರುದ್ಧ ಬಂದಾಗಲೂ ತಲೆಬಾಗಬೇಕು. ಆದರೆ ಅಮಿತ್‌ನ ಎರಡನೇ ಸುತ್ತನ್ನು ಮತ್ತೆ ನೋಡಿದವರು ಅದರಲ್ಲಿ ಏನು ಕಂಡರು, ಸಾಕ್ಷಿಯ ಮೂರನೇ ಸುತ್ತಿನಲ್ಲಿ ಯಾವ ಗುದ್ದು ಮೊದಲು ಲೆಕ್ಕಕ್ಕೆ ಬಂದಿರಲಿಲ್ಲ ಎಂದು ಆ ಸಂಜೆಯೇ ಸಭಾಂಗಣದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ಲಾಸ್ ಏಂಜಲೀಸ್‌ಗೆ ಮೊದಲು ಹೊಸ ಸಂಸ್ಥೆಯ ನಿಯಮಪುಸ್ತಕಕ್ಕೆ ಸೇರಬೇಕಾದ ಮಾತು ಅದು.